ಬೆಲ್ಟಿನ ಮೇಲೆ ಹೋದ ಕೈ

ರಾಬರ್ಟ್‌ಸನ್‌ಪೇಟೆ
೧೮ ಜೂನ್ ೧೯೮೯, ಭಾನುವಾರ

ಚಿರಂಜೀವಿ ತಮ್ಮ ಬಚ್ಚಪ್ಪನಿಗೆ ನಿಮ್ಮಣ್ಣ ಶ್ರೀರಾಮಪ್ಪ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಚೆನ್ನಾಗಿದ್ದೇವೆ. ನೀನು, ಮಂಗಮ್ಮ, ಮಕ್ಕಳು, ದನಕರು ಎಲ್ಲ ಸುಖವಾಗಿದ್ದೀರೆಂದು ನಂಬಿದ್ದೇನೆ. ಯುಗಾದಿಗೆ ಬರೆಯೋಣವೆಂದು ಇನ್‌ಲ್ಯಾಂಡ್ ಲೆಟರ್ ತಂದಿಟ್ಟಿದ್ದೆ. ಎರಡು ತಿಂಗಳು ಟ್ರಂಕಿನಲ್ಲೇ ಬಿದ್ದಿತ್ತು. ಬೈದುಕೋಬೇಡ. ಈಗ ಬರೆಯಲು ಕೂತರೆ ಅಷ್ಟು ಜಾಗ ಸಾಲುವುದಿಲ್ಲವೆಂದು ಗೊತ್ತಾಗಿ, ಬಿಳಿ ಹಾಳೆ ತಂದು ಬರೆಯುತ್ತಿದ್ದೇನೆ.

ಎರಡು ಬಸ್ಸು ಹತ್ತಿದರೆ ಬೂದಿಕೋಟೆ, ಇದಕ್ಕೆ ಕಾಗದ ಯಾಕೆ, ಹೋಗಿ ಹೇಳಿ ಬರಬಾರದಾ ಎಂದು ನಿಮ್ಮತ್ತಿಗೆ ಅಕ್ಕಯ್ಯಮ್ಮ ಕೇಳಿದಳು. ಬರಬಹುದು. ಆದರೆ ನಾನು ಬಂದಾಗಲೆಲ್ಲ ನೀನು "ಬಾಣ್ಣಯ್ಯ, ಕೂತ್ಕೋ" ಎಂದು ಚಾಪೆ ಹಾಸುತ್ತೀಯ. ಒಂದು ನಿಮಿಷ ನಿಂತು, ಹಸುವಿನ ನೆಪ ಹೇಳಿ ಕೊಟ್ಟಿಗೆಗೆ ಹೋಗುತ್ತೀಯ. ನಾನು ಬಸ್ಸಿಗೆ ಹೊರಡುವ ತನಕ ಈಚೆ ಬರುವುದಿಲ್ಲ. ಹದಿನಾರು ವರ್ಷದಿಂದ ಹೀಗೇ ನಡೆದಿದೆ. ಇವನಿಗೆ ದನ ಎಂದರೆ ಪ್ರಾಣ ಎಂದುಕೊಂಡು ನಾನೂ ಮಂಗಮ್ಮ ಕೊಟ್ಟ ಕಾಫಿ ಕುಡಿದು ಎದ್ದು ಬರುತ್ತಿದ್ದೆ. ಈಗ ಯಾಕೋ ಅದರ ಕಾರಣ ತಿಳಿಯಬೇಕೆನ್ನಿಸಿದೆ. ಕಾಗದವಾದರೆ ನೀನು ಕೊಟ್ಟಿಗೆಯಲ್ಲೇ ಕೂತು ಓದಬಹುದಲ್ಲ, ಅದಕ್ಕೇ ಬರೆದೆ.

ಇರಲಿ, ಮೊದಲು ಸುದ್ದಿ ಕೇಳು. ನಲವತ್ತೆಂಟು ವರ್ಷದ ದಫೇದಾರನಾದ ನನ್ನನ್ನು ಮತ್ತೆ ಸ್ಕೂಲಿಗೆ ಹಾಕಿದ್ದರು! ಮನಸ್ಸು ಕೆಟ್ಟವರು, ಸಾಯಲು ಹೊರಟವರು, ಮಚ್ಚು ಹಿಡಿದು ಮನೆಯೊಳಗೆ ಕದ ಹಾಕಿಕೊಂಡವರು, ಇಂಥವರ ಹತ್ತಿರ ಪೊಲೀಸರು ಹೇಗೆ ಮಾತಾಡಬೇಕು ಎಂದು ಮೂರು ದಿನದ ಪಾಠ. ನಮ್ಮ ಕಾನ್‌ಸ್ಟೇಬಲ್ ಆಂಜಿನಪ್ಪ ಆರ್ಡರು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಮಾತಾಡಾಕೂ ಪಾಠ ಏಳ್ಕೊಡ್ತಾರಾ ಸಾರ್? ದಂಡಂ ದಶಗುಣಂ ಅಂತ ದೊಡ್ಡೋರು ಏಳಿಲ್ವಾ, ಅದ್ಕಿಂತ ಪಾಠ ಇನ್ನೇನೈತೆ?" ಎಂದ. ನಾನೂ ನಕ್ಕೆ ಅನ್ನು.

ನಮ್ಮ ಸ್ಟೇಷನ್ನಿನ ಸೂರು ಸೋರುತ್ತಿದ್ದುದರಿಂದ ಮಾರ್ಕೆಟ್ಟಿನ ಹಿಂದಿನ ಒಂದು ಮದುವೆ ಛತ್ರದಲ್ಲಿ ಕ್ಲಾಸು. ಹಿಂದಿನ ದಿನದ ಗಂಡು ಹೆಣ್ಣಿನ ಹೆಸರು ಗೋಡೆಯ ಮೇಲೆ ಇನ್ನೂ ಹಾಗೇ ಅಂಟಿತ್ತು. ಅದರ ಕೆಳಗೆ ನಲವತ್ತು ಜನ ಪೊಲೀಸರು ಚಕ್ಕಳಮಕ್ಕಳ ಹಾಕಿ ಕೂತಿದ್ದೆವು, ಊಟಕ್ಕೆ ಎಲೆ ಹಾಕುವುದನ್ನು ಕಾಯುತ್ತಿರುವವರ ಹಾಗೆ. ಪಾಠಕ್ಕೆ ಬಂದವರು ಬೆಂಗಳೂರಿನಲ್ಲಿ ಮನಸ್ಸಿನ ಕಾಯಿಲೆ ನೋಡುವ ಒಬ್ಬ ಡಾಕ್ಟರಮ್ಮ. ಧಾರವಾಡದ ಕಡೆಯವರು. ಹಿಡಿಯಷ್ಟು ಮನುಷ್ಯೆ, ನೂಲಿನ ಸೀರೆ. ದನಿ ಎಷ್ಟು ಸಣ್ಣದೆಂದರೆ ನಾವು ಉಸಿರು ಹಿಡಿದು ಕೇಳಬೇಕು. ಅವರು ಮೆಲ್ಲಗೆ ಮಾತಾಡಿದಷ್ಟೂ ನಾವು ಗಲಾಟೆ ಕಡಿಮೆ ಮಾಡುತ್ತಾ ಬಂದೆವು. ಅದೇ ಮೊದಲ ಪಾಠ ಎಂದು ಮಧ್ಯಾಹ್ನ ಅವರು ಹೇಳಿದಾಗಲೇ ನನಗೆ ಹೊಳೆದದ್ದು.

ಆಮೇಲೆ ಒಂದು ಆಟ ಆಡಿಸಿದರು. ಡಾಕ್ಟರಮ್ಮನೇ ಮನಸ್ಸು ಕೆಟ್ಟವರ ಹಾಗೆ ಮೂಲೆಯಲ್ಲಿ ಮುದುರಿ ಕೂರುವುದು, ನಾವು ಒಬ್ಬೊಬ್ಬರಾಗಿ ಹೋಗಿ ಮಾತಾಡಿಸುವುದು. ಆಂಜಿನಪ್ಪ ಹೋದವನೇ ಅಭ್ಯಾಸಬಲದಲ್ಲಿ "ಏಯ್, ಏಳ್ಮೇಲೆ!" ಎಂದು ಗದರಿಬಿಟ್ಟ. ಛತ್ರವೆಲ್ಲ ನಗು. ಡಾಕ್ಟರಮ್ಮನೂ ನಕ್ಕರು. "ಎದ್ದೆ ನೋಡ್ರಿ. ಆದ್ರ ನೀವು ಹೋದ ಮ್ಯಾಲೆ ಬಾವಿಗೆ ಬೀಳ್ತೀನಿ" ಎಂದರು.

ಇನ್ನೊಂದು ತಮಾಷೆ ಹೇಳುತ್ತೇನೆ. ಅಂಥವರ ಹತ್ತಿರ ಹೋಗುವಾಗ ಲಾಠಿ ಕೈಯಲ್ಲಿರಬಾರದು, ಟೋಪಿ ಬೆಲ್ಟು ತೆಗೆದಿಟ್ಟು, ಅವರು ನೆಲದ ಮೇಲಿದ್ದರೆ ನಾವೂ ನೆಲದ ಮೇಲೆ ಕೂರಬೇಕು ಎಂದರು. "ಎಲ್ಲಿ, ಈಗ ತಗೀರಿ ನೋಡೋಣು" ಎಂದಾಗ ಒಬ್ಬರೂ ಅಲ್ಲಾಡಲಿಲ್ಲ. ಹಿರಿಯ ಕಾನ್‌ಸ್ಟೇಬಲ್ ರಾಮಚಂದ್ರಪ್ಪ ಎದ್ದು ನಿಂತು, "ಮೇಡಂ, ನಮ್ಮಲ್ಲಿ ಬೆಲ್ಟು ಟೋಪಿ ಬಿಚ್ಚಿಸೋದು ಸಸ್ಪೆಂಡ್ ಆದೋರ್ಗೆ" ಎಂದ. ಪಾಪ, ಅವನ ಮುಖ ನಿಜವಾಗಿಯೂ ಸಣ್ಣಗಾಗಿತ್ತು. ಡಾಕ್ಟರಮ್ಮನಿಗೆ ಇದು ಗೊತ್ತೇ ಇರಲಿಲ್ಲ. ಪುಸ್ತಕದಲ್ಲಿ ಬರೆದುಕೊಂಡರು. ಕಲಿಸಲು ಬಂದವರು ನಮ್ಮಿಂದ ಕೇಳಿ ಬರೆದುಕೊಳ್ಳುವುದನ್ನು ನಾನು ಸರ್ವಿಸಿನಲ್ಲೇ ನೋಡಿರಲಿಲ್ಲ.

ಬಾಗಿಲಿಗೆ ಅಡ್ಡ ನಿಲ್ಲಬಾರದು ಎಂದೂ ಹೇಳಿದರು. ಹೆದರಿದವನಿಗೆ ಆಚೆ ಹೋಗುವ ದಾರಿ ಕಾಣುತ್ತಿರಬೇಕಂತೆ. "ಓಡೋದ್ರೆ ಏನ್ಮಾಡೋದು ಮೇಡಂ?" ಎಂದೆ. "ಓಡ್ಲಿ ಬಿಡ್ರಿ. ಓಡಾಂವ ಬದುಕಿರ್ತಾನ" ಎಂದರು. ನನ್ನ ಬಾಯಿ ನಿನಗೆ ಗೊತ್ತಲ್ಲ, ಸುಮ್ಮನಿರುವುದಿಲ್ಲ. ಮೂರು ದಿನವೂ ಕೈ ಎತ್ತಿದ್ದೇ ಎತ್ತಿದ್ದು. ಮನಸ್ಸು ಅಷ್ಟು ಕೆಟ್ಟಾಗ ಅವರಿಗೆ ನಮ್ಮ ಮಾತು ಕೇಳಿಸುತ್ತದಾ, ಕೇಳಿಸಿದರೆ ಎಷ್ಟು ಕೇಳಿಸುತ್ತದೆ ಎಂದು ಕೇಳಿದೆ. ಡಾಕ್ಟರಮ್ಮ, "ನನಗೂ ಪೂರಾ ತಿಳದಿಲ್ರಿ. ಅದನ್ನ ಅನುಭವಿಸಿದವ್ರನ್ನೇ ಕೇಳಬೇಕು" ಎಂದರು. ಅಷ್ಟು ಓದಿದವರು ತಿಳಿಯದು ಎಂದದ್ದು ನನಗೆ ಬಹಳ ಹಿಡಿಸಿತು.

ಕೊನೆಯ ದಿನ, ಇಂಥ ಕೇಸು ನೀವು ಚೆನ್ನಾಗಿ ನಿಭಾಯಿಸಿದ್ದು ಯಾವುದಾದರೂ ಇದ್ದರೆ ಹೇಳಿ ಎಂದರು. ನಾನು ಎಲ್ಲರಿಗಿಂತ ಮುಂಚೆ ಎದ್ದೆ. ನನ್ನ ಹತ್ತಿರ ಒಬ್ಬ ಹುಡುಗನ ಹಳೆಯ ಕಥೆ ಇದೆ, ಸ್ಟೇಷನ್ನಿನಲ್ಲಿ ಟೀ ಕುಡಿಯುವಾಗ ಎಷ್ಟೋ ಸಲ ಹೇಳಿದ್ದೇನೆ. ಅಲ್ಲೂ ಅದನ್ನೇ ಹೇಳಿದೆ, ಎಂದಿನಂತೆ ಎಲ್ಲರೂ ನಕ್ಕರು. ಡಾಕ್ಟರಮ್ಮ ನಗಲಿಲ್ಲ. "ಆ ಹುಡುಗ ಈಗ ಹೆಂಗ ಅದಾನ್ರಿ?" ಎಂದರು. ಚೆನ್ನಾಗಿದ್ದಾನೆ ಮೇಡಂ ಎಂದೆ. "ಅಂವನ್ನ ಕೇಳೀರೇನು?" ಎಂದರು. ನಾನು ಕೂತುಕೊಂಡೆ.

ಹೊತ್ತಾಯಿತು, ಡ್ಯೂಟಿಗೆ ಹೋಗಬೇಕು. ಮಂಗಮ್ಮನಿಗೂ ಮಕ್ಕಳಿಗೂ ನನ್ನ ಆಶೀರ್ವಾದ ಹೇಳು. ಸೀಮೆಹಸು ಕರು ಹಾಕಿತಾ? ಬರೆಸು.

ಇತಿ ನಿನ್ನ ಅಣ್ಣ
ಶ್ರೀರಾಮಪ್ಪ

ವಿ. ಸೂ.: ಕೊಟ್ಟಿಗೆಗೆ ಯಾಕೆ ಹೋಗುತ್ತೀಯ ಎಂಬುದಕ್ಕೆ ಉತ್ತರ ಬರೆಯದಿದ್ದರೂ ಬೇಜಾರಿಲ್ಲ. ನಾನು ಕೇಳಿದ್ದೇನೆ ಎಂಬುದು ನಿನಗೆ ಗೊತ್ತಿರಲಿ.


ರಾಬರ್ಟ್‌ಸನ್‌ಪೇಟೆ
೨೩ ಜುಲೈ ೧೯೮೯, ಭಾನುವಾರ

ಚಿ. ಬಚ್ಚಪ್ಪನಿಗೆ ಆಶೀರ್ವಾದಗಳು.

ನಿನ್ನ ಕಾರ್ಡು ಬಂದು ಮೂರು ವಾರವಾಯಿತು. ದೊಡ್ಡ ಮಗಳ ಕೈಲಿ ಬರೆಸಿದ್ದೀಯ, ಅಕ್ಷರ ಮುತ್ತಿನ ಹಾಗಿದೆ. ನಾಲ್ಕು ಸಾಲಿನಲ್ಲಿ ಮೂರು ಸಾಲು ಹಸುವಿನದು: ಹೆಣ್ಣು ಕರು, ಹಣೆಯಲ್ಲಿ ಬಿಳಿ ಚುಕ್ಕೆ, ಹಾಲು ಡೇರಿಗೆ ಹೋಗುತ್ತಿದೆ. ನಾಲ್ಕನೆಯದು "ಅಣ್ಣಯ್ಯನವರ ಕಾಗದ ಓದಿದೆನು." ಓದಿದೆಯಲ್ಲ, ಅಷ್ಟು ಸಾಕು. ನಾನೇ ಉತ್ತರ ತಡ ಮಾಡಿದೆ, ಅಷ್ಟರಲ್ಲಿ ಇಲ್ಲಿ ಒಂದು ದೊಡ್ಡ ರಾಮಾಯಣವೇ ಆಗಿಹೋಯಿತು.

ಮೊನ್ನೆ ಗುರುವಾರ ಮಧ್ಯಾಹ್ನ ಒಂದು ಗಂಟೆ ಇರಬಹುದು. ಊಟಕ್ಕೆ ಹೊರಟಿದ್ದೆ. ಉರಿಗಾಂನಿಂದ ಒಬ್ಬ ಸೈಕಲ್ ತುಳಿದುಕೊಂಡು ಬಂದು, "ಬನ್ನಿ ಸಾರ್, ನಮ್ ಮುನಿಸ್ವಾಮಪ್ಪ ಶಾಫ್ಟ್ ಗೋಡೆ ಅತ್ತಿ ಕುಂತವ್ನೆ" ಎಂದ. ಶಾಫ್ಟು ಎಂದರೆ ಗಣಿಗೆ ಇಳಿಯುವ ಬಾವಿ. ಕಾರ್ಮಿಕರ ಲೈನು ಮನೆಗಳ ಹಿಂದೆ ಅಂಥದ್ದೊಂದು ಹಳೆಯದಿದೆ, ಕೆಲಸ ನಿಂತು ಎಷ್ಟೋ ಕಾಲವಾಗಿದೆ. ಸುತ್ತ ಎದೆಯೆತ್ತರದ ಕಲ್ಲುಗೋಡೆ ಇದೆ. ಆಂಜಿನಪ್ಪನನ್ನು ಕರೆದುಕೊಂಡು ಓಡಿದೆ.

ಹೋಗಿ ನೋಡಿದರೆ ಇನ್ನೂರು ಜನ ಸೇರಿದ್ದಾರೆ. ಒಬ್ಬ ತಮಿಳಲ್ಲಿ ಕೂಗುತ್ತಾನೆ, ಇನ್ನೊಬ್ಬ ತೆಲುಗಲ್ಲಿ ಬೈಯುತ್ತಾನೆ. ಮುನಿಸ್ವಾಮಪ್ಪ ಗೋಡೆಯ ಮೇಲೆ ಕಾಲು ಒಳಗೆ ಇಳಿಬಿಟ್ಟು ಕೂತಿದ್ದ. ಐವತ್ತೈದರ ಮನುಷ್ಯ, ಬಂಗಾರಪೇಟೆ ಕಡೆಯ ಹಳ್ಳಿಯವನು. ಇಪ್ಪತ್ತೆಂಟು ವರ್ಷ ಗಣಿಯೊಳಗೆ ಮೇಲಿನ ಬಂಡೆ ಕುಸಿಯದಂತೆ ಮರದ ಕಂಬ ಕೊಡುವ ಕೆಲಸ ಮಾಡಿ, ಎದೆ ಕೆಟ್ಟಿತೆಂದು ಆರು ತಿಂಗಳ ಹಿಂದೆ ಮನೆಗೆ ಬಂದವನು. ಅವನ ಹೆಂಡತಿ ಕದಿರಮ್ಮ ನನ್ನ ಕಾಲು ಹಿಡಿದುಕೊಂಡಳು. "ಮೂರ್ ದಿನದಿಂದ ಒಂದ್ ಮಾತಾಡಿಲ್ಲ ಸಾಮಿ, ಎಂಗಾರ ಇಳ್ಸಿ" ಎಂದು ಅತ್ತಳು. ನನಗೆ ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಛತ್ರದಲ್ಲಿ ಡಾಕ್ಟರಮ್ಮನ ಮುಂದೆ ಆಡುವುದು ಬೇರೆ, ಇದು ಬೇರೆ.

ಪಾಠ ಜ್ಞಾಪಿಸಿಕೊಂಡೆ. ಜನರನ್ನು ಬೇವಿನಮರದ ಆಚೆಗೆ ಕಳಿಸಲು ಆಂಜಿನಪ್ಪನಿಗೆ ಹೇಳಿದೆ. ಲಾಠಿ ಅವನಿಗೇ ಕೊಟ್ಟೆ. ಟೋಪಿ ತೆಗೆದೆ. ಮೆಲ್ಲಗೆ ಹತ್ತು ಹೆಜ್ಜೆ ದೂರದವರೆಗೆ ಹೋಗಿ, "ಮುನಿಸ್ವಾಮಪ್ಪಣ್ಣ, ನಾನು ಶ್ರೀರಾಮಪ್ಪ, ಇಲ್ಲೇ ಕುಂತ್ಕಂತೀನಿ" ಎಂದೆ. ಅವನು ತಿರುಗಿ ನೋಡಿದ. ಪರವಾಗಿಲ್ಲವೇ, ನಡೆಯುತ್ತಿದೆ ಎಂದುಕೊಂಡೆ. ಇನ್ನುಳಿದದ್ದು ಬೆಲ್ಟು. ನನ್ನ ಕೈ ಬಕಲಿನ ಮೇಲೆ ಹೋಯಿತು.

ಅಷ್ಟೇ. "ಒಡೀಬ್ಯಾಡ ಸಾಮೀ!" ಎಂದು ಕಿರುಚಿ ಅವನು ಒಳಕ್ಕೆ ಜರುಗಿದ. ಕಲ್ಲೊಂದು ಕಳಚಿ ಬಾವಿಯೊಳಗೆ ಹೋಯಿತು. ಅದು ಕೆಳಗೆ ಮುಟ್ಟಿದ ಸದ್ದೇ ಬರಲಿಲ್ಲ. ಹಿಂದೆ ಕದಿರಮ್ಮ ಬಾಯಿ ಬಾಯಿ ಬಡಿದುಕೊಂಡಳು. ಅಯ್ಯೋ ದೇವರೇ, ಸಾಯಿಸಿಬಿಟ್ಟೆನಲ್ಲ ಎಂದುಕೊಂಡೆ. ಬಕಲಿನ ಮೇಲಿದ್ದ ಕೈ ಅಲ್ಲೇ ನಿಂತಿತು. ತೆಗೆದರೂ ಕಷ್ಟ, ಬಿಟ್ಟರೂ ಕಷ್ಟ. ಬೆಲ್ಟು ಬಿಚ್ಚುವುದು ನಮಗೆ ಅವಮಾನ ಎಂದು ಛತ್ರದಲ್ಲಿ ಅಷ್ಟು ಮಾತಾಡಿದೆವು. ಎದುರಿಗಿರುವವನಿಗೆ ಅದು ಏನಾಗಿ ಕಾಣುತ್ತದೆ ಎಂದು ನಲವತ್ತು ಜನ ಪೊಲೀಸರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಆಗ ಬಾಯಿಗೆ ಬಂದದ್ದು ನಿಜವಾದ ಮಾತು. "ಒಡೆಯಾಕಲ್ಲ ಕಣಣ್ಣ. ಒಟ್ಟೆ ಬಂದೈತೆ, ಬೆಲ್ಟ್ ಆಕ್ಕಂಡ್ ನೆಲದ್ ಮ್ಯಾಗೆ ಕೂರಾಕಾಗಲ್ಲ. ಬಿಚ್ಲಾ ಬ್ಯಾಡ್ವಾ, ನೀನೇ ಏಳು. ನೀನು ಏಳೋಗಂಟ ಕೈ ಅಲ್ಲಾಡ್ಸಲ್ಲ." ಅವನು ಬಹಳ ಹೊತ್ತು ನನ್ನ ಹೊಟ್ಟೆಯನ್ನೇ ನೋಡಿದ. ಆಮೇಲೆ, "ಬಿಚ್ಚಿ ಇದ್ರೊಳಿಕ್ಕೆ ಆಕು" ಎಂದು ಶಾಫ್ಟು ತೋರಿಸಿದ.

ಸರ್ಕಾರದ ಬೆಲ್ಟು! ಬಕಲನ್ನು ದಿನವೂ ಹುಣಸೆಹಣ್ಣು ಹಾಕಿ ತಿಕ್ಕಿ ಬಂಗಾರದ ಹಾಗೆ ಇಟ್ಟುಕೊಂಡಿದ್ದೆ. ಒಂದು ಗಳಿಗೆ ಮನಸ್ಸು ಬರಲಿಲ್ಲ. ಮೆಲ್ಲಗೆ ಬಿಚ್ಚಿ, ಸುರುಳಿ ಸುತ್ತಿ, ನಿಂತಲ್ಲಿಂದಲೇ ಗೋಡೆಯ ಮೇಲಿಂದ ಒಳಗೆ ಎಸೆದು, ನೆಲದ ಮೇಲೆ ಕೂತೆ. ಇಬ್ಬರೂ ಕಿವಿಗೊಟ್ಟೆವು. ಏನೂ ಕೇಳಿಸಲಿಲ್ಲ. "ಎಷ್ಟು ಆಳ ಐತಣ್ಣ?" ಎಂದೆ. ಅದು ಪಾಠದಲ್ಲಿ ಕಲಿತ ಪ್ರಶ್ನೆಯಲ್ಲ. ನನಗೆ ನಿಜವಾಗಿಯೂ ತಿಳಿಯಬೇಕಿತ್ತು.

ಅವನು ಹೇಳಿದ. ನಾನು ಇನ್ನೊಂದು ಕೇಳಿದೆ. ಅಷ್ಟು ಕೆಳಗೆ ಸೆಖೆ ಹೇಗಿರುತ್ತದೆ, ಕುಡಿಯುವ ನೀರಿಗೇನು ಮಾಡುತ್ತೀರಿ, ಈಗಿನ ಕಾಲದಲ್ಲೂ ಮರದ ಕಂಬ ಯಾಕೆ, ಕಬ್ಬಿಣ ಕೊಡಬಾರದಾ ಎಂದೆಲ್ಲ ಕೇಳಿದೆ. ಕಬ್ಬಿಣದ ಮಾತಿಗೆ ಅವನಿಗೆ ಸಿಟ್ಟೇ ಬಂತು. "ಮರ ಏಳ್ತದೆ ಸಾಮಿ. ಮುರಿಯಾಕ್ ಮುಂಚೆ ಕಿರ್ ಕಿರ್ ಅಂತ ಏಳ್ತದೆ, ನಾವು ಈಚಿಕ್ಕೆ ಓಡಿ ಬತ್ತೀವಿ. ಕಬ್ಣ ಏಳಾಕಿಲ್ಲ" ಎಂದ. ನೋಡು, ಇಷ್ಟು ವರ್ಷ ಗಣಿಯ ಊರಲ್ಲಿ ಇದ್ದೂ ನನಗೆ ಇದು ಗೊತ್ತಿರಲಿಲ್ಲ. ಎಷ್ಟು ದಿನ ಮುಂಚೆ ಹೇಳುತ್ತದೆ, ಆ ಸದ್ದು ಎಲ್ಲರಿಗೂ ತಿಳಿಯುತ್ತದಾ ಎಂದು ಕೇಳುತ್ತಾ ಹೋದೆ. ಹೊಸಬರಿಗೆ ತಿಳಿಯುವುದಿಲ್ಲವಂತೆ, ಹಳಬರು ಕೆಲಸ ನಿಲ್ಲಿಸಿ ಕಿವಿಗೊಡಬೇಕಂತೆ. ಮಾತಿನ ಮಧ್ಯೆ ನಾನು, "ನೀನು ಯಾರ್ಗಾರ ಏಳ್ದ್ಯಾ ಅಣ್ಣ, ನಿಂಗೆ ಇಂಗಾಗ್ತಾ ಐತೆ ಅಂತ?" ಎಂದೆ. "ಕೇಳೋರ್ಯಾರು ಸಾಮಿ" ಎಂದು ಅವನು ಅಳಲು ಶುರು ಮಾಡಿದ. ಅಳಲಿ ಎಂದು ಸುಮ್ಮನೆ ಕೂತೆ. ಅದೂ ಡಾಕ್ಟರಮ್ಮ ಹೇಳಿಕೊಟ್ಟದ್ದೇ.

ಹಾಗೇ ಕೂತಿದ್ದಾಗ ಎರಡು ಗಂಟೆಯ ಸೈರನ್ನು ಕೂಗಿತು. ಆಗ ನಡೆದದ್ದನ್ನು ನೀನು ನೋಡಬೇಕಿತ್ತು, ಬಚ್ಚ. ಮುನಿಸ್ವಾಮಪ್ಪ ಕಣ್ಣು ಒರೆಸಿಕೊಂಡು, ಒಂದು ಕಾಲು ಈಚೆ ಹಾಕಿ, ಇನ್ನೊಂದು ಕಾಲು ಈಚೆ ಹಾಕಿ, ಗೋಡೆ ಇಳಿದು ನಿಂತ. ಇಪ್ಪತ್ತೆಂಟು ವರ್ಷದ ಅಭ್ಯಾಸ. ಸೈರನ್ ಆದರೆ ಪಾಳಿ ಮುಗಿಯಿತು, ಮೇಲೆ ಬರಬೇಕು. ಅವನ ಕಾಲು ಅವನನ್ನು ಕೇಳಲೇ ಇಲ್ಲ. ಕದಿರಮ್ಮ ಓಡಿಬಂದು ಸೆರಗಿನಲ್ಲೇ ಅವನಿಗೆ ನಾಲ್ಕು ಬಾರಿಸಿ, ಆಮೇಲೆ ತಬ್ಬಿಕೊಂಡಳು.

ಸ್ಟೇಷನ್ನಿಗೆ ಹೋದರೆ ನಮ್ಮ ಸಾಹೇಬರು, "ಕೇಸು ಏನ್ರೀ?" ಎಂದರು. "ಗೋಡೆ ಮೇಲೆ ಕೂತಿದ್ದ ಸಾರ್, ಇಳಿದ" ಎಂದೆ. "ಬೆಲ್ಟೆಲ್ಲಿ?" ಎಂದರು. "ಗಣಿಯೊಳಗೆ ಸಾರ್." ಮೆಮೋ ಕೊಟ್ಟಿದ್ದಾರೆ, ಉತ್ತರ ಬರೆಯಬೇಕು. ಆಂಜಿನಪ್ಪ ಊರೆಲ್ಲ ಹೇಳಿಕೊಂಡು ಬಂದಿದ್ದಾನೆ, "ನಮ್ ದಫೇದಾರ್ರು ಶಾಫ್ಟಿಗೆ ಬೆಲ್ಟ್ ಆಕಿ ಮನ್ಸನ್ನ ತೆಗುದ್ರು" ಎಂದು. ಮುನಿಸ್ವಾಮಪ್ಪನನ್ನು ಡಾಕ್ಟರಮ್ಮನ ಹತ್ತಿರ ಕಳಿಸುವ ಏರ್ಪಾಡಾಗಿದೆ.

ನಿನ್ನೆ ಡ್ಯೂಟಿ ಮುಗಿಸಿ, ಪಂಚೆ ಉಟ್ಟುಕೊಂಡು ಅವನ ಮನೆಗೆ ಹೋಗಿದ್ದೆ. ಡಾಕ್ಟರಮ್ಮನಿಗೆ ಗೊತ್ತಿಲ್ಲದ ಪ್ರಶ್ನೆಯನ್ನು ಅವನನ್ನೇ ಕೇಳಿದೆ: ನಾನು ಬಂದಾಗ ನಿನಗೆ ಏನು ಕೇಳಿಸಿತು? "ಏನೂ ಕೇಳಿಸ್ಲಿಲ್ಲ ಸಾಮಿ. ನಿಮ್ ಬಾಯಿ ಆಡ್ತಾ ಇತ್ತು. ನಾ ನೋಡಿದ್ದು ನಿಮ್ ಕೈಯ್ಯ" ಎಂದ. ಆಮೇಲೆ ನನಗೇ ಅನ್ನ ಬಡಿಸಿದರು, ಉಂಡು ಬಂದೆ.

ಕರುವಿಗೆ ದೃಷ್ಟಿಯಾಗದಿರಲಿ. ಎಲ್ಲರಿಗೂ ಆಶೀರ್ವಾದ.

ಇತಿ
ಶ್ರೀರಾಮಪ್ಪ


ರಾಬರ್ಟ್‌ಸನ್‌ಪೇಟೆ
೨೦ ಆಗಸ್ಟ್ ೧೯೮೯, ಭಾನುವಾರ

ಚಿ. ಬಚ್ಚಪ್ಪನಿಗೆ ನಿನ್ನ ಅಣ್ಣನ ಆಶೀರ್ವಾದಗಳು.

ಈ ಸಲ ನಿನ್ನಿಂದ ಕಾರ್ಡು ಬರಲಿಲ್ಲ. ಹುಲ್ಲು ಕೊಯ್ಲಿನ ಕಾಲ, ಪುರಸೊತ್ತಿರಲಿಕ್ಕಿಲ್ಲ. ನಾನೇ ಬರೆಯುತ್ತಿದ್ದೇನೆ.

ನನಗೆ ಹೊಸ ಬೆಲ್ಟು ಬಂತು. ಮೆಮೋಗೆ ಉತ್ತರ ಬರೆದದ್ದನ್ನು ಓದಿ ಸಾಹೇಬರು ನಕ್ಕು ಫೈಲು ಮುಚ್ಚಿದರಂತೆ. ಹೊಸ ಬಕಲು ಎಷ್ಟು ತಿಕ್ಕಿದರೂ ಹೊಳೆಯುವುದಿಲ್ಲ, ನಾನೂ ತಿಕ್ಕುವುದನ್ನು ಬಿಟ್ಟಿದ್ದೇನೆ. ಮುನಿಸ್ವಾಮಪ್ಪ ಬೆಂಗಳೂರಿನಿಂದ ಮಾತ್ರೆ ತಂದು ನುಂಗುತ್ತಿದ್ದಾನೆ. ಸಂಜೆ ಹೊತ್ತು ನಮ್ಮ ಸ್ಟೇಷನ್ನಿನ ಮುಂದೆ ಹಾದುಹೋಗುವಾಗ ಒಂದು ಕೂಗು ಹಾಕಿ ಹೋಗುತ್ತಾನೆ. ಅಕ್ಕಯ್ಯಮ್ಮನಿಗೆ ಮಂಡಿನೋವು, ಮೆಟ್ಟಿಲು ಹತ್ತಲು ಕಷ್ಟ. ಮಿಕ್ಕಂತೆ ಎಲ್ಲ ಸರಿ.

ಹೋದ ವಾರ ಡಾಕ್ಟರಮ್ಮ ಬಂದಿದ್ದರು. ಶಾಫ್ಟಿನ ಹತ್ತಿರ ನಡೆದದ್ದನ್ನು ನನ್ನ ಬಾಯಿಂದಲೇ ಎರಡು ಸಲ ಹೇಳಿಸಿ ಕೇಳಿದರು. ಕೈ ಮಾಡುವ ಕೆಲಸವನ್ನು ಬಾಯಿ ಮೊದಲೇ ಹೇಳಬೇಕು, ಬೆಲ್ಟನ್ನು ಅವರ ಕಣ್ಣಿಗೆ ಬೀಳುವ ಮುಂಚೆಯೇ ತೆಗೆದಿಟ್ಟು ಬರಬೇಕು ಎಂದು ಪಾಠದಲ್ಲಿ ಸೇರಿಸಿದ್ದಾರೆ. "ಇದನ್ನ ನೀವು ನನಗ ಕಲಿಸಿದ್ರಿ" ಎಂದರು. ನನಗೆ ಹೆಮ್ಮೆಯಾಯಿತು, ಇಲ್ಲ ಅನ್ನುವುದಿಲ್ಲ. ಆಮೇಲೆ ಅವರು, "ಆದ್ರ ದಫೇದಾರರ, ಅಂವಾ ಚೀರಿದ ಕೂಡ್ಲೇ ಕೈ ನಿಲ್ಲಿಸಿದ್ರಲ್ಲಾ, ಅಷ್ಟು ಲಗೂನ ನಿಮಗ ಹೆಂಗ ತಿಳೀತು?" ಎಂದರು. "ಅನುಭವ ಮೇಡಂ" ಎಂದೆ. ಅದು ಅರ್ಧ ಸುಳ್ಳು. ಆ ಮುಖವನ್ನು ನಾನು ಹಿಂದೆ ಒಂದು ಸಲ ನೋಡಿದ್ದೆ.

ಸೆಪ್ಟೆಂಬರ್ ನಾಲ್ಕನೆಯ ತಾರೀಖು ಸೋಮವಾರ ಬಂಗಾರಪೇಟೆಯಲ್ಲಿ ಇನ್ನೊಂದು ಕ್ಲಾಸು ಇದೆ. ಅಲ್ಲಿ ನಾನು ನಿಂತು ಪಾಠ ಮಾಡಬೇಕಂತೆ. ಎಸ್ಸೆಸ್ಸೆಲ್ಸಿ ಫೇಲಾದ ಶ್ರೀರಾಮಪ್ಪ ಮೇಷ್ಟ್ರು! ಅಮ್ಮ ಇದ್ದಿದ್ದರೆ ಊರಿಗೆಲ್ಲ ಬೆಲ್ಲ ಹಂಚುತ್ತಿದ್ದಳು. ಆದರೆ ಅಲ್ಲಿ ನಿಂತರೆ ಯಾರಾದರೂ ಇದೇ ಪ್ರಶ್ನೆ ಕೇಳುತ್ತಾರೆ. ಅನುಭವ ಎಂದು ಮತ್ತೊಮ್ಮೆ ಹೇಳಲು ನನ್ನಿಂದಾಗದು. ನಿಜ ಹೇಳಬೇಕೆಂದರೆ ನಿನ್ನ ಒಪ್ಪಿಗೆ ಬೇಕು. ನೀನು ಬೇಡ ಎಂದರೆ ಬಂಗಾರಪೇಟೆಗೆ ನಾನು ಹೋಗುವುದಿಲ್ಲ. ಜ್ವರ ಎಂದು ಚೀಟಿ ಕಳಿಸುತ್ತೇನೆ.

ಮಂಗಮ್ಮ, ಮಕ್ಕಳು, ನೀನು ನೂರು ಕಾಲ ತಂಪಾಗಿರಿ. ಕೆಚ್ಚಲು ತುಂಬಲಿ, ಕಣಜ ತುಂಬಲಿ.

ಇತಿ ನಿನ್ನ ಅಣ್ಣ
ಶ್ರೀರಾಮಪ್ಪ

ವಿ. ಸೂ.: ಲಕೋಟೆಗೆ ಅಂಟು ಹಚ್ಚಿದವನು ಮತ್ತೆ ಬಿಚ್ಚಿದೆ. ಇದನ್ನು ಬರೆಯದಿದ್ದರೆ ಮೂರು ಕಾಗದವೂ ದಂಡ.

ಛತ್ರದಲ್ಲಿ ಎದ್ದು ನಿಂತು ನಾನು ಹೇಳಿದ ಆ ಕಥೆ ನಿನ್ನದು. ಎಪ್ಪತ್ಮೂರರ ಆಷಾಢ. ನಿನಗೆ ಹತ್ತೊಂಬತ್ತು. ಒಂಬತ್ತು ದಿನ ಅನ್ನ ನಿದ್ದೆ ಬಿಟ್ಟು, ಕಾಳಿನ ಕೋಣೆಯಲ್ಲಿ ಕುಡುಗೋಲನ್ನು ನಿನ್ನ ಕತ್ತಿಗೇ ಇಟ್ಟುಕೊಂಡು ಕೂತಿದ್ದೆ. "ನೀನು ಪೊಲೀಸು, ನೀನಂದ್ರೆ ಅವ್ನು ಕೇಳ್ತಾನೆ, ಬಾರಪ್ಪಾ" ಎಂದು ಅಮ್ಮ ಹೇಳಿಕಳಿಸಿದಳು. ಡ್ಯೂಟಿಯಿಂದ ಹಾಗೇ ಬಂದೆ. ಅಂಗಳದ ತುಂಬ ಜನ. ಒಳಗೆ ಬಂದು ಬಾಗಿಲು ಹಾಕಿ ಚಿಲಕ ಜಡಿದೆ, ಅದಕ್ಕೆ ಬೆನ್ನು ಕೊಟ್ಟು ನಿಂತೆ. ನಿನ್ನ ಹೆಸರು ಹಿಡಿದು ಕೂಡ ಕರೆಯಲಿಲ್ಲ. ಬೆಲ್ಟು ಬಿಚ್ಚಿದೆ. ಮೊದಲ ಏಟಿಗೇ ನೀನು ಕುಡುಗೋಲು ಕೆಳಗೆ ಹಾಕಿದೆ. ನಾನು ನಿಲ್ಲಿಸಲಿಲ್ಲ. ಅಂಗಳದವರಿಗೆ ಸದ್ದು ಕೇಳಲಿ ಎಂದು ಬಕಲಿನ ಕಡೆಯಿಂದ ಹೊಡೆದೆ. ಈಚೆ ಬಂದಾಗ ಅವರು ನನಗೆ ಕೈ ಮುಗಿದರು. ಒಂದೇ ದಿನಕ್ಕೆ ದೆವ್ವ ಬಿಡಿಸಿದ ಶ್ರೀರಾಮಪ್ಪ ಎಂದರು. ನಾನೂ ಅದನ್ನೇ ನಂಬಿ, ಹದಿನಾರು ವರ್ಷ ಟೀ ಕುಡಿಯುತ್ತಾ ಹೇಳಿ ಜನರನ್ನು ನಗಿಸಿದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ಅಮ್ಮ ಹೇಳುತ್ತಿದ್ದಳು, ನಾನು ಬೇರೆಯವರ ವಿಷಯ ಎಂದುಕೊಂಡಿದ್ದೆ.

ಮುನಿಸ್ವಾಮಪ್ಪ ಕಿರುಚಿದಾಗ ಗೋಡೆಯ ಮೇಲೆ ನನಗೆ ಕಂಡವನು ನೀನು. ಶಾಫ್ಟಿಗೆ ಹೋದ ಬಕಲೂ ಅದೇ. ಚರ್ಮ ಎರಡು ಸಲ ಬದಲಾಗಿತ್ತು, ಬಕಲು ಬದಲಾಗಿರಲಿಲ್ಲ. ನಿನ್ನ ಬೆನ್ನಿನ ಮೇಲೆ ಅದರ ಗುರುತಿದೆ ಎಂದು ಮಂಗಮ್ಮ ನಿಮ್ಮತ್ತಿಗೆಯ ಹತ್ತಿರ ಹೇಳಿದ್ದಳು. ನನಗೆ ಗೊತ್ತಿದ್ದೂ ನಾನು ಅದನ್ನು ದಿನವೂ ತಿಕ್ಕುತ್ತಿದ್ದೆ.

ತಪ್ಪಾಯಿತು, ಬಚ್ಚ. ಬಹಳ ದೊಡ್ಡ ತಪ್ಪಾಯಿತು.

ಊರಿಗೆಲ್ಲ ಪ್ರಶ್ನೆ ಕೇಳುವ ನಾನು ಒಂದೇ ಒಂದನ್ನು ಇವತ್ತಿನವರೆಗೂ ಕೇಳಿಲ್ಲ. ಆ ಒಂಬತ್ತು ದಿನ ಕೋಣೆಯೊಳಗೆ ನಿನಗೆ ಏನಾಗಿತ್ತು? ನನಗೆ ಗೊತ್ತೇ ಇಲ್ಲ, ತಮ್ಮ. ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಮುಂದಿನ ಭಾನುವಾರ ಹತ್ತು ಗಂಟೆಯ ಬಸ್ಸಿಗೆ ಪಂಚೆಯಲ್ಲಿ ಬರುತ್ತೇನೆ. ಚಾಪೆ ಹಾಸಬೇಡ. ನೀನು ಕೊಟ್ಟಿಗೆಯಲ್ಲೇ ಇರು. ನಾನು ಆಚೆ, ಹುಲ್ಲಿನ ಮೆದೆಯ ಪಕ್ಕ ನೆಲದ ಮೇಲೆ ಕೂರುತ್ತೇನೆ. ಬಾಗಿಲಿಗೆ ಅಡ್ಡ ಕೂರುವುದಿಲ್ಲ.